ನಂಬರಕ್ಕನ ಖಾಲಿ ಸಾಲು

ನನ್ನ ನಂಬರು ಇನ್ನೂರ ಹನ್ನೆರಡು. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಆದರೆ ಈ ಕಥೆಗೆ ನಂಬರೇ ಸಾಕು. ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ವಾಚ್ ರಿಪೇರಿ ಮಾಡುತ್ತೇನೆ. ಎದುರಿಗಿರುವುದು ವ್ಯಸನಮುಕ್ತಿ ಕೇಂದ್ರ. ಕುಡಿತ ಬಿಡಲು ಆ ಗೇಟನ್ನು ನಾಲ್ಕು ಸಲ ಹೊಕ್ಕವನು ನಾನು. ನಾಲ್ಕನೇ ಸಲ ಹೊರಗೆ ಬಂದು ಏಳು ವರ್ಷವಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಹೇಳಹೊರಟಿರುವುದು ಆ ನಂಬರು ಕೊಟ್ಟ ಹೆಂಗಸಿನ ವಿಷಯ. ಅವರ ವಿಷಯದಲ್ಲಿ ನನ್ನಿಂದ ಪಕ್ಷಪಾತವಿಲ್ಲದ ಮಾತು ಬರುವುದಿಲ್ಲ.

ಎಲ್ಲರೂ ಅವರನ್ನು ನಂಬರಕ್ಕ ಎನ್ನುತ್ತಾರೆ. ನನಗಿಂತ ಆರು ವರ್ಷ ಚಿಕ್ಕವರು, ಆದರೂ ನನಗೂ ಅಕ್ಕನೇ. ಹನ್ನೆರಡು ಹಾಸಿಗೆಯ ಆ ಕೇಂದ್ರದಲ್ಲಿ ರಿಜಿಸ್ಟರ್ ಬರೆಯುವುದು ಅವರ ಕೆಲಸ. ಬಾಗಿಲ ಪಕ್ಕದಲ್ಲೇ ಮೇಜು. ಮೇಜಿನ ಮೇಲೆ ಒಂದು ಫೋನು, ತುದಿ ಕಚ್ಚಿ ಕಚ್ಚಿ ಮೊಂಡಾದ ಪೆನ್ಸಿಲು, ಉದ್ದನೆಯ ರಟ್ಟಿನ ರಿಜಿಸ್ಟರು. ಡಾಕ್ಟರ ಕೋಣೆಗೆ ಹೋಗಬೇಕಾದರೆ ಮೊದಲು ಇವರನ್ನು ದಾಟಬೇಕು, ಅದು ಅಷ್ಟು ಸುಲಭವಲ್ಲ. ನಾನು ಮೊದಲ ಸಲ ಬಂದಾಗ ಸುಳ್ಳು ವಿಳಾಸ ಕೊಟ್ಟೆ. ಅಕ್ಕ ಬರೆದುಕೊಂಡು, ತಲೆಯೆತ್ತದೆ, "ಆ ಬೀದೀಲಿ ನಲವತ್ತು ಮನೆ ಅಷ್ಟೇ ಇರೋದು. ಎಪ್ಪತ್ತೊಂದನೇದು ಯಾವಾಗ ಕಟ್ಟಿಸಿದ್ರಿ?" ಎಂದಿದ್ದರು.

ಅವರಿಗೆ ಎರಡು ಹಟ. ಒಂದು, ಮನುಷ್ಯನಿಗೆ ಒಂದೇ ನಂಬರು. ಬೇರೆ ಕೇಂದ್ರಗಳಲ್ಲಿ ಕುಡಿತ ಬಿಟ್ಟು ಹೋದವನು ಮತ್ತೆ ಕುಡಿದು ಬಂದರೆ ಹೊಸ ಫಾರಂ, ಹೊಸ ನಂಬರು, ಹೊಸ ಮನುಷ್ಯ. ನಮ್ಮಲ್ಲಿ ಹಾಗಿಲ್ಲ. ಎಷ್ಟು ಸಲ ಬಂದರೂ ಹಳೆಯ ಸಾಲನ್ನೇ ಹುಡುಕಿ, ಅದರ ಮುಂದೆ 'ಮತ್ತೆ ಬಂದರು' ಎಂದು ಬರೆದು ದಿನಾಂಕ ಹಾಕುತ್ತಾರೆ. ಇನ್ನೊಂದು ಹಟ ಶನಿವಾರದ ಫೋನು. ಹೊರಗೆ ಹೋದವರಿಗೆ ಮೊದಲ ವರ್ಷ ಪ್ರತಿ ಶನಿವಾರ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫೋನ್ ಮಾಡುತ್ತಾರೆ. ಕುಡಿದಿರಾ, ಬಿಟ್ಟಿರಾ ಎಂದು ಕೇಳುವುದಿಲ್ಲ. "ಊಟ ಆಯ್ತಾ?" ಎಂದು ಕೇಳುತ್ತಾರೆ. ಫೋನ್ ತೆಗೆದರೆ ಸಾಲಿನಲ್ಲಿ ಪೆನ್ಸಿಲಿನ ಚುಕ್ಕೆ, ತೆಗೆಯದಿದ್ದರೆ ಸೊನ್ನೆ. ನನಗೆ ಮಾತ್ರ ಏಳು ವರ್ಷವಾದರೂ ಇನ್ನೂ ಪ್ರತಿ ಶನಿವಾರ ಫೋನ್ ಬರುತ್ತದೆ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ನಿಮ್ಮ ಮುಖ ನೋಡಿದ್ರೆ ನಂಬಿಕೆ ಬರಲ್ಲ" ಎಂದರು.

ಈ ಎರಡು ಹಟಗಳೇ ಒಂದು ದಿನ ಕುತ್ತಿಗೆಗೆ ಬಂದವು. ಸರ್ಕಾರ ದೇಶದ ಎಲ್ಲ ಕೇಂದ್ರಗಳಿಗೂ ಒಂದೇ ನಿಯಮ ತರಲು ಹೊರಟಿತ್ತು. ಆ ನಿಯಮದ ಕರಡಿನ ಪ್ರಕಾರ, ಎರಡು ವರ್ಷದೊಳಗೆ ಮತ್ತೆ ದಾಖಲಾದವನು 'ವಿಫಲ', ಮತ್ತೆ ಬಾರದವನು 'ಗುಣಮುಖ'. ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ವಿಫಲರಿದ್ದ ಕೇಂದ್ರದ ಮಾನ್ಯತೆ ರದ್ದು. ಕರಡಿನ ಜೊತೆಗೆ ಒಂದು ಪಟ್ಟಿಯೂ ಬಂತು. ಮೊದಲ ಸ್ಥಾನದ ಕೇಂದ್ರದಲ್ಲಿ ನೂರಕ್ಕೆ ನಾಲ್ಕು ವಿಫಲರು. ಕೊನೆಯ ಸ್ಥಾನದ ಕೇಂದ್ರದಲ್ಲಿ ಐವತ್ತೆಂಟು. ಕೊನೆಯವರು ನಾವು.

ಮೊದಲ ಸ್ಥಾನದವರ ಗುಟ್ಟು ನನಗೆ ಗೊತ್ತಿತ್ತು. ಅಲ್ಲಿ ಒಮ್ಮೆ ಚಿಕಿತ್ಸೆ ಮುಗಿಸಿ ಹೋದವನನ್ನು ಮತ್ತೆ ಸೇರಿಸಿಕೊಳ್ಳುವುದೇ ಇಲ್ಲ. ಅಲ್ಲಿ 'ಗುಣಮುಖ'ರಾದ ಹನ್ನೊಂದು ಮಂದಿ ಬೇರೆ ದಾರಿಯಿಲ್ಲದೆ ಬಂದು ಸೇರಿದ್ದು ನಮ್ಮ ಹಾಸಿಗೆಗಳಿಗೆ. ಅವರು ಅಲ್ಲಿಯ ಪಟ್ಟಿಯಲ್ಲಿ ಗೆಲುವು, ನಮ್ಮ ಪಟ್ಟಿಯಲ್ಲಿ ರೋಗಿ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ನಮ್ಮ ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತರು. "ಅಕ್ಕ, ಹಳೇ ಪುಟ ಬದಲಾಯಿಸಿಬಿಡಿ. ಮತ್ತೆ ಬಂದೋರಿಗೆಲ್ಲ ಹೊಸ ನಂಬರ್ ಕೊಡಿ. ಎಲ್ಲ ಕಡೆ ಮಾಡೋದು ಅದನ್ನೇ."

"ಆಗಲ್ಲ ಸಾರ್."

"ಕೇಂದ್ರಾನೇ ಮುಚ್ಚಿಹೋದ್ರೆ?"

"ಆಗ ಮುಚ್ಚಿದ ತಾರೀಖನ್ನೂ ಸರಿಯಾಗಿ ಬರೀತೀನಿ."

ಡಾಕ್ಟರು ಕೆಟ್ಟವರಲ್ಲ, ಹೆದರಿದ್ದರು. ಆ ವಾರ ಅಕ್ಕನ ತಾಯಿಗೆ ಕಣ್ಣಿನ ಆಪರೇಷನ್. ಅಕ್ಕ ಎರಡು ದಿನ ರಜೆ ಹಾಕಿದ್ದರು. ಆಗ ಡಾಕ್ಟರು ಕಾವಲುಗಾರನಿಗೆ ಹೇಳಿದರು: ಈ ಗಲಾಟೆ ಮುಗಿಯುವವರೆಗೆ ಹೊಸಬರನ್ನು ಮಾತ್ರ ಬಿಡು, ಹಳಬರಿಗೆ ಆಮೇಲೆ ಬರಲು ಹೇಳು.

ಎರಡನೇ ದಿನ ಬೆಳಿಗ್ಗೆ ಪೇಂಟರ್ ಬಂದ. ನಂಬರು ಒಂಬೈನೂರ ಏಳು. ಗೋಡೆಗೆ ಬಣ್ಣ ಬಳಿಯುವವನು, ಎರಡು ಸಲ ನಮ್ಮಲ್ಲಿದ್ದು ಹೋದವನು. ಹೆಗಲಲ್ಲಿ ಬಟ್ಟೆಯ ಚೀಲವಿತ್ತು. ಗೇಟಿನ ಸರಳು ಹಿಡಿದು ನಿಂತದ್ದು ನನ್ನ ಅಂಗಡಿಗೂ ಕಾಣುತ್ತಿತ್ತು. ಕಾವಲುಗಾರ ಏನೋ ಹೇಳಿದ. ಪೇಂಟರ್ ಬೆನ್ನು ತಿರುಗಿಸಿ ಹೋದ. ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಯಲ್ಲಿ ಚಿಮಟ ಹಿಡಿದುಕೊಂಡು, ಯಾರದೋ ವಾಚಿನ ಮುಳ್ಳು ಕೂರಿಸುತ್ತಿದ್ದೆ. ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ. ಆ ಸಂಕಟವನ್ನು ನಾನು ಇನ್ನೂ ಇಳಿಸಿಕೊಂಡಿಲ್ಲ.

ರಜೆ ಮುಗಿಸಿ ಬಂದ ಅಕ್ಕನಿಗೆ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸೀದಾ ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಏನು ಮಾತಾಯಿತೋ ಗೊತ್ತಿಲ್ಲ, ಸಂಜೆಯ ಹೊತ್ತಿಗೆ ಗೇಟು ಎಲ್ಲರಿಗೂ ತೆರೆದಿತ್ತು. ಪೇಂಟರ್ ಮಾತ್ರ ಫೋನ್ ತೆಗೆಯಲಿಲ್ಲ. ಆ ಶನಿವಾರ ಸೊನ್ನೆ. ಮುಂದಿನ ಶನಿವಾರವೂ ಸೊನ್ನೆ. ಅವನು ಬಾಡಿಗೆಗಿದ್ದ ಕೋಣೆಗೆ ಹೋಗಿ ನೋಡಿದೆ, ಖಾಲಿ ಮಾಡಿದ್ದ.

"ಈ ನಿಯಮ ಬಂದ್ರೆ ಎಲ್ಲ ಗೇಟಲ್ಲೂ ಹಿಂಗೇ ಆಗುತ್ತೆ" ಎಂದರು ಅಕ್ಕ. "ನಿಲ್ಲಿಸಲೇಬೇಕು."

ದೇಶದ ಚಿಕಿತ್ಸಾ ಕೇಂದ್ರಗಳಿಗೆಲ್ಲ ಒಂದು ಒಕ್ಕೂಟವಿದೆ. ಅದರ ಕಾರ್ಯದರ್ಶಿಗೆ ಅಕ್ಕ ಫೋನ್ ಮಾಡಿದರು. ಅವರು ಪಾಪ, ಮನವಿ ಬರೆದು ಬರೆದು ಸುಸ್ತಾಗಿದ್ದರು. "ಪುರಾವೆ ಕೇಳ್ತಾರಮ್ಮ. ಮತ್ತೆ ಬಾರದೆ ಇದ್ದೋರು ಏನಾದ್ರು ಅನ್ನೋ ಲೆಕ್ಕ ಯಾರ ಹತ್ರಾನೂ ಇಲ್ಲ" ಎಂದರು. ಅಕ್ಕ ತಮ್ಮ ರಿಜಿಸ್ಟರಿನ ಮೇಲೆ ಕೈಯಿಟ್ಟು, "ನನ್ನ ಹತ್ರ ಇದೆ" ಎಂದರು.

ಒಂದು ಕೇಂದ್ರದ ರಿಜಿಸ್ಟರು ಸಾಲದು ಎಂದು ಅವರಿಗೇ ಗೊತ್ತಿತ್ತು. ಎಂಟು ವಾರ ಮಧ್ಯಾಹ್ನದ ಬಿಡುವಿನಲ್ಲಿ ಕೂತು ಸಣ್ಣ ಸಣ್ಣ ಕೇಂದ್ರಗಳಿಗೆ ಫೋನ್ ಮಾಡಿದರು. ಎಲ್ಲಿಯೂ ಡಾಕ್ಟರನ್ನು ಕೇಳಲಿಲ್ಲ. ರಿಜಿಸ್ಟರ್ ಬರೆಯುವವರನ್ನೇ ಕೇಳಿದರು. ಆ ಜನಕ್ಕೆ ಒಬ್ಬರ ಕಷ್ಟ ಒಬ್ಬರಿಗೆ ತಿಳಿಯುತ್ತದೆ. ನಿಮ್ಮ ಗುಣಮುಖರ ಪಟ್ಟಿ ತೆಗೆಯಿರಿ, ಒಬ್ಬೊಬ್ಬರಿಗೂ ಫೋನ್ ಮಾಡಿ, ಊಟ ಆಯ್ತಾ ಅಂತ ಕೇಳಿ ಎಂದರು. ಕೆಲವರು ನಕ್ಕರು. ಒಬ್ಬಾಕೆ ಮೂರನೇ ದಿನಕ್ಕೆ ಅಳುತ್ತಾ ಫೋನ್ ಮಾಡಿದಳು. ಅವಳು ಮಾಡಿದ ಕರೆಗಳಲ್ಲಿ ಆರಕ್ಕೆ ಹೆಂಡತಿಯೋ ಮಗಳೋ ಉತ್ತರಿಸಿ, ಅವರು ತೀರಿಹೋಗಿ ಇಷ್ಟು ವರ್ಷವಾಯಿತು ಎಂದಿದ್ದರಂತೆ. ಅಕ್ಕ ಅವಳ ಜೊತೆ ಅರ್ಧ ಗಂಟೆ ಮಾತಾಡಿ, "ನಾಳೆ ಹತ್ತು ಜನಕ್ಕೆ ಮಾತ್ರ ಮಾಡಮ್ಮ, ಜಾಸ್ತಿ ಬೇಡ" ಎಂದರು. ಹೀಗೆ ಮೂವತ್ತೇಳು ಕೇಂದ್ರಗಳು ಸೇರಿದವು. ಅವರೆಲ್ಲ ಫೋನ್ ಮಾಡಿ ವಿಚಾರಿಸಿದ ಗುಣಮುಖರಲ್ಲಿ ನೂರಕ್ಕೆ ಹದಿನೇಳು ಮಂದಿ ಮಣ್ಣಾಗಿದ್ದರು.

ಸಂಸದೀಯ ಸಮಿತಿ ಅಹವಾಲು ಕೇಳಲು ಒಕ್ಕೂಟವನ್ನು ರಾಜಧಾನಿಗೆ ಕರೆಯಿತು. ಅಕ್ಕ ಎರಡು ಚೀಲದ ತುಂಬ ರಿಜಿಸ್ಟರ್ ತುಂಬಿಕೊಂಡರು. ಚೀಲ ಹೊರಲು ನಾನೂ ಹೊರಟೆ. "ಬಾಯಿ ಬಿಡಬಾರದು" ಎಂದು ರೈಲಿನಲ್ಲೇ ಆಣೆ ಮಾಡಿಸಿಕೊಂಡರು. ನನಗೆ ಬಾಯಿಯ ಮೇಲೆ ಹಿಡಿತ ಕಡಿಮೆ ಎಂಬುದು ಅವರಿಗೆ ಗೊತ್ತು.

ಕೋಣೆ ದೊಡ್ಡದು, ಮೇಜು ಇನ್ನೂ ದೊಡ್ಡದು. ಸಮಿತಿಯ ಅಧ್ಯಕ್ಷೆ ಬಿಳಿಕೂದಲಿನ, ಮಾತು ಕಡಿಮೆಯ ಹೆಂಗಸು. ಹನ್ನೆರಡು ಗಂಟೆಗೆ ನಮ್ಮ ಸರದಿ ಮುಗಿಯಬೇಕು, ಆಮೇಲೆ ಬೇರೆಯವರದು. ಮೊದಲು ಎದ್ದ ಒಕ್ಕೂಟದ ಕಾರ್ಯದರ್ಶಿ ಎಲ್ಲ ಗಣ್ಯರಿಗೂ ನಮಸ್ಕಾರ ಹೇಳಿ, ಪರದೆಯ ಮೇಲೆ ಅಂಕಿಅಂಶದ ಬಣ್ಣಬಣ್ಣದ ಕಂಬಗಳನ್ನು ತೋರಿಸಿದರು. ತೋರಿಸಿದರು, ತೋರಿಸಿದರು. ಅಕ್ಕ ಎದ್ದು ನಿಂತು ರಿಜಿಸ್ಟರಿನ ದಾರ ಬಿಚ್ಚುವಷ್ಟರಲ್ಲಿ ಅಧ್ಯಕ್ಷೆ ಗೋಡೆಯ ಗಡಿಯಾರ ನೋಡಿ, "ಹನ್ನೆರಡಾಯ್ತು. ಲಿಖಿತವಾಗಿ ಕೊಟ್ಟು ಹೋಗಿ" ಎಂದರು.

ನಾನೂ ಗೋಡೆ ನೋಡಿದೆ. ಆಣೆ ನೆನಪಿತ್ತು, ಆದರೂ ಎದ್ದು ನಿಂತೆ.

"ಮೇಡಂ, ತಪ್ಪು ತಿಳ್ಕೋಬೇಡಿ. ಆ ಗಡಿಯಾರ ಆರು ನಿಮಿಷ ಮುಂದಿದೆ."

ಅಕ್ಕ ನನ್ನನ್ನು ನೋಡಿದ ನೋಟ ಹೇಳತೀರದು. ಅಧ್ಯಕ್ಷೆ ತಮ್ಮ ಫೋನ್ ತೆಗೆದು ನೋಡಿದರು, ಪಕ್ಕದವರ ಕೈಗಡಿಯಾರ ನೋಡಿದರು. "ನಿಮಗೆ ಹೇಗೆ ಗೊತ್ತಾಯ್ತು?"

"ನಾನು ವಾಚ್ ರಿಪೇರಿಯವನು ಮೇಡಂ. ಬಂದಾಗಿಂದ ಅದೇ ಕಣ್ಣಿಗೆ ಚುಚ್ತಾ ಇದೆ."

ಅವರು ಮೊದಲ ಸಲ ನಕ್ಕರು. "ಹಾಗಾದ್ರೆ ಇಷ್ಟು ದಿನ ಎಲ್ಲರನ್ನೂ ಆರು ನಿಮಿಷ ಮುಂಚೆ ಎಬ್ಬಿಸಿ ಕಳಿಸಿದ್ದೀನಿ. ಕೂತ್ಕೊಳ್ಳಿ. ಆ ಆರು ನಿಮಿಷ ನಿಮ್ಮದು, ಮಾತಾಡಿ ಅಮ್ಮ."

ಅಕ್ಕ ಮಾತಾಡಿದರು. ಮೂವತ್ತೇಳು ಕೇಂದ್ರಗಳ ಫೋನಿನ ವಿಷಯ, ಆ ನೂರಕ್ಕೆ ಹದಿನೇಳರ ವಿಷಯ, ಒಂದೂ ಕಂಬ ತೋರಿಸದೆ ಹೇಳಿದರು. "ಈ ಕರಡಿನ ಪ್ರಕಾರ ಅವರೆಲ್ಲ ಗುಣಮುಖರು, ಮೇಡಂ. ಸತ್ತೋರು ಮತ್ತೆ ಬರಲ್ಲವಲ್ಲ."

ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. "ಅದು ಸರಿ. ಆದ್ರೆ ಒಬ್ಬರು ನಿಮ್ಮಲ್ಲಿಗೆ ನಾಲ್ಕು ಸಲ ಬಂದ್ರೆ, ನಿಮ್ಮ ಚಿಕಿತ್ಸೆ ಮೂರು ಸಲ ಸೋತ ಹಾಗಲ್ವಾ?"

"ನಾನು ಬೇರೆ ಥರ ನೋಡ್ತೀನಿ. ಕುಡಿಯೋ ಜಾಗದ ದಾರಿ ಅವರಿಗೆ ಕಣ್ಮುಚ್ಚಿದ್ರೂ ಗೊತ್ತು. ಅದನ್ನ ಬಿಟ್ಟು ನಾಲ್ಕು ಸಲ ನಮ್ಮ ದಾರಿ ಹಿಡಿದ್ರಲ್ಲ. ಒಬ್ಬರು ಮೂರನೇ ಸಲ ಹೊರಗೆ ಹೋದ್ಮೇಲೆ ಹನ್ನೊಂದು ಶನಿವಾರ ಫೋನ್ ತೆಗೀಲಿಲ್ಲ. ಹನ್ನೆರಡನೇ ಶನಿವಾರ ತೆಗೆದ್ರು. ಇನ್ನೂರ ಹನ್ನೆರಡನೇ ನಂಬರು. ನಿಮ್ಮ ಗಡಿಯಾರ ತಪ್ಪು ಅಂದವರು ಅವರೇ."

ಎಲ್ಲರೂ ನನ್ನ ಕಡೆ ತಿರುಗಿದರು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಎದೆಯುಬ್ಬಿತು.

ಅಧ್ಯಕ್ಷೆ ರಿಜಿಸ್ಟರನ್ನು ಹತ್ತಿರ ಎಳೆದುಕೊಂಡು ಹಿಂದಕ್ಕೆ ತಿರುವುತ್ತಾ ಮೊದಲ ಪುಟಕ್ಕೆ ಬಂದರು. ಅಲ್ಲಿ ಒಂದನೇ ನಂಬರಿನ ಮುಂದೆ ಏನೂ ಇಲ್ಲ. ಹೆಸರಿಲ್ಲ, ದಿನಾಂಕವಿಲ್ಲ. ಹದಿನಾಲ್ಕು ವರ್ಷದಿಂದ ಆ ಸಾಲು ಖಾಲಿ. ನಾವು ಕೇಂದ್ರದವರು ಎಷ್ಟು ಸಲ ಕೇಳಿದರೂ ಅಕ್ಕ ಮಾತು ತೇಲಿಸಿಬಿಡುತ್ತಿದ್ದರು.

"ಇದು ಯಾರದು?"

"ನಮ್ಮಣ್ಣನದು" ಎಂದರು ಅಕ್ಕ. "ನಮ್ಮ ಕೇಂದ್ರ ಶುರುವಾಗೋ ಮುಂಚೆ ಬೇರೆ ಕಡೆ ಸೇರಿದ್ದ. ಕುಡಿತ ಬಿಟ್ಟು ಬಂದ, ಮತ್ತೆ ಕುಡಿದ, ಮತ್ತೆ ಅಲ್ಲಿಗೇ ಹೋದ. ಒಂದು ಸಲ ಗುಣವಾದೋರಿಗೆ ಮತ್ತೆ ಜಾಗ ಇಲ್ಲ ಅಂದ್ರು. ಎಂಟು ತಿಂಗಳಿಗೆ ಹೋಗ್ಬಿಟ್ಟ. ಅಲ್ಲಿ ಹೋಗಿ ಪುಸ್ತಕ ತೆಗೆಸಿ ನೋಡ್ದೆ. ಅವನ ಹೆಸರಿನ ಮುಂದೆ ಗುಣಮುಖ ಅಂತ ಇತ್ತು. ಈಗಲೂ ಹಂಗೇ ಇದೆ. ನನ್ನ ರಿಜಿಸ್ಟರಲ್ಲಿ ಅವನು ಬರೋಕೆ ಒಂದು ಸಾಲು ಇರಲಿ ಅಂತ ಬಿಟ್ಟಿದ್ದೀನಿ ಮೇಡಂ."

ಆರು ನಿಮಿಷ ಯಾವಾಗಲೋ ಮುಗಿದಿತ್ತು. ಯಾರೂ ಗೋಡೆ ನೋಡಲಿಲ್ಲ. ಅಧ್ಯಕ್ಷೆ ಕರಡು ತಯಾರಿಸಿದ ಅಧಿಕಾರಿಯತ್ತ ತಿರುಗಿ, "ಬಾರದೆ ಇದ್ದೋರೆಲ್ಲ ಗುಣಮುಖರು ಅಂತ ಬರೆದದ್ದು ಯಾರು?" ಎಂದು ಕೇಳಿದರು. ಅವರು ತಮ್ಮ ಕಾಗದಗಳಲ್ಲಿ ಉತ್ತರ ಹುಡುಕತೊಡಗಿದರು. ಹೊರಗೆ ಬಂದ ಮೇಲೆ ಅಕ್ಕ ಮೆಟ್ಟಿಲ ಮೇಲೆ ಕೂತು ಒಂದೇ ಸಮನೆ ಅತ್ತರು. ನನಗೆ ಏನು ಮಾಡಬೇಕೆಂದು ತೋಚದೆ, ಚೀಲ ಕಾಯುತ್ತಾ ಪಕ್ಕದಲ್ಲಿ ಕೂತೆ.

ಎರಡು ತಿಂಗಳಾದ ಮೇಲೆ ಅಂತಿಮ ನಿಯಮ ಹೊರಬಂತು. ಮತ್ತೆ ಬರುವುದು ವೈಫಲ್ಯವಲ್ಲ, ಹಾಗೆ ಬಂದವರನ್ನು ತಿರುಗಿಸಿ ಕಳಿಸುವುದು ತಪ್ಪು. ಹೊರಗೆ ಹೋದವರನ್ನು ಎರಡು ವರ್ಷ ವಿಚಾರಿಸಿದ ದಾಖಲೆಯಿಲ್ಲದೆ ಯಾರನ್ನೂ ಗುಣಮುಖರೆಂದು ಬರೆಯುವಂತಿಲ್ಲ. ಆ ವಿಚಾರಣೆಯ ಕೆಲಸಕ್ಕೆಂದೇ ಪ್ರತಿ ಕೇಂದ್ರಕ್ಕೂ ಒಂದು ಹುದ್ದೆ. ಮೊದಲ ಸ್ಥಾನ, ಕೊನೆಯ ಸ್ಥಾನದ ಆ ಪಟ್ಟಿ ಕಸದ ಬುಟ್ಟಿ ಸೇರಿತು. ಡಾಕ್ಟರು ನಿಯಮದ ಪ್ರತಿ ಹಿಡಿದು ಅಕ್ಕನ ಮೇಜಿನ ಮುಂದೆ ನಿಂತು, "ನಾನು ತಪ್ಪು ಮಾಡಿದ್ದೆ ಅಕ್ಕ" ಎಂದರು, ಎಲ್ಲರ ಎದುರಿಗೇ. ಮೂವತ್ತೇಳು ಕೇಂದ್ರಗಳಿಂದಲೂ ಫೋನು. ಅಂದು ಅಳುತ್ತಾ ಫೋನ್ ಮಾಡಿದ್ದ ಹುಡುಗಿಗೇ ಅವಳ ಕೇಂದ್ರದಲ್ಲಿ ಹೊಸ ಹುದ್ದೆ ಸಿಕ್ಕಿತ್ತು. ಗೆದ್ದೆವು ಎಂದು ನಾನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿದೆ, ಕೇಳದವರಿಗೂ ಹೇಳಿದೆ. ಒಬ್ಬರಂತೂ ನಾನು ಮತ್ತೆ ಕುಡಿದಿದ್ದೇನೆ ಎಂದುಕೊಂಡರು.

ಅಕ್ಕ ಮಾತ್ರ ಪೂರ್ತಿ ನಗಲಿಲ್ಲ. ಒಂಬೈನೂರ ಏಳರ ಸಾಲಿನಲ್ಲಿ ಇಪ್ಪತ್ತೆರಡು ಸೊನ್ನೆಗಳಿದ್ದವು.

ಆ ಶನಿವಾರ ನಾನು ಕೇಂದ್ರದ ಗೋಡೆ ಗಡಿಯಾರಕ್ಕೆ ಸೆಲ್ ಹಾಕಲು ಹೋಗಿದ್ದೆ. ಅಕ್ಕ ಸಾಲಾಗಿ ಫೋನ್ ಮಾಡುತ್ತಾ ಚುಕ್ಕೆ ಇಡುತ್ತಾ ಒಂಬೈನೂರ ಏಳಕ್ಕೆ ಬಂದರು. ಪೆನ್ಸಿಲು ಸೊನ್ನೆ ಹಾಕಲು ಆಗಲೇ ಸಾಲಿನ ಮೇಲೆ ಇಳಿದಿತ್ತು. ಅದು ಅಲ್ಲೇ ನಿಂತಿತು.

"ಊಟ ಆಯ್ತಾ?" ಎಂದರು ಅಕ್ಕ.

ಆ ಕಡೆಯಿಂದ ಪೇಂಟರನ ಧ್ವನಿ, ನನಗೂ ಕೇಳಿಸುವಷ್ಟು.

"ಇಲ್ಲ ಅಕ್ಕ."

"ಬಾ. ಇಲ್ಲೇ ಮಾಡುವಂತೆ."

"ಒಳಗೆ ಬಿಡ್ತಾರಾ?"

"ಬಿಡ್ದೆ ಏನು? ಇಡೀ ದೇಶಕ್ಕೇ ಹೇಳಿ ಬಂದಿದ್ದೀನಿ."

ಅವನು ಸಂಜೆ ನಾಲ್ಕಕ್ಕೆ ಬಂದ, ಅದೇ ಚೀಲ, ಅರ್ಧ ಇಳಿದುಹೋದ ಮೈ. ಈ ಸಲ ನಾನೇ ಹೋಗಿ ಗೇಟು ತೆಗೆದೆ. ಮೇಜಿನ ಮುಂದೆ ನಿಂತು, "ಹೊಸ ಫಾರಂ ತುಂಬಬೇಕಾ ಅಕ್ಕ?" ಎಂದ.

"ಬೇಡ. ನಿನ್ನ ಸಾಲಲ್ಲಿ ಇನ್ನೂ ಜಾಗ ಇದೆ" ಎಂದು ಅಕ್ಕ ಇಪ್ಪತ್ತೆರಡು ಸೊನ್ನೆಗಳ ಮುಂದೆ 'ಮತ್ತೆ ಬಂದರು' ಎಂದು ಬರೆದು, ಆ ದಿನದ ತಾರೀಖು ಹಾಕಿದರು.