ಎಡೆಯ ಮೇಲಿನ ಐದನೇ ಕಜ್ಜಾಯ

ನೆನೆಸಿ ಬಸಿದ ಅಕ್ಕಿಯನ್ನು ಮಿಲ್ಲಿನಲ್ಲಿ ಬೀಸಿಸಿಕೊಂಡು ಬಂದು ಜರಡಿ ಹಿಡಿಯುತ್ತಾ ಕೂತಿದ್ದೆ. ಹಿರಿಯರ ಹಬ್ಬಕ್ಕೆ ಇನ್ನು ಐದು ದಿನ. ಕಜ್ಜಾಯದ ಹಿಟ್ಟು ತೇವ ಆರುವ ಮೊದಲೇ ಬೆಲ್ಲದ ಪಾಕಕ್ಕೆ ಬೀಳಬೇಕು, ಮಧ್ಯದಲ್ಲಿ ಏಳುವ ಹಾಗಿಲ್ಲ. ಪಕ್ಕದಲ್ಲಿದ್ದ ಮೊಬೈಲು ಗುಂಯ್ ಅಂದಿತು. ಕೆ.ಆರ್. ನಗರದಲ್ಲಿರುವ ನಾದಿನಿ, ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಹಾಕಿದ್ದಳು. ಹಿಟ್ಟಿನ ಬೆರಳಲ್ಲೇ ಒತ್ತಿ ನೋಡಿದೆ.

ನಮ್ಮದೇ ಹಿತ್ತಲು. ಎಡೆ ಇಡುವ ಕೋಣೆಯ ಹಿಂದಿನ ಕಿಟಕಿ. ನನ್ನ ಯಜಮಾನರು ಕಿಟಕಿ ಬಾಗಿಲು ತಳ್ಳಿ, ನಮ್ಮ ನಾಯಿಯನ್ನು ಎರಡು ಕೈಯಲ್ಲಿ ಎತ್ತಿ, ಒಂದು ಸರಳು ಇಲ್ಲದ ಜಾಗದಿಂದ ಒಳಗೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಅದು ಬಾಯಲ್ಲಿ ಒಂದು ಕಜ್ಜಾಯ ಕಚ್ಚಿಕೊಂಡು ಹೊರಗೆ ಹಾರಿತು. ವಿಡಿಯೊ ಹಿಡಿದಿದ್ದ ನಾದಿನಿ ಕಿಸಕ್ಕನೆ ನಕ್ಕಳು. "ನಗ್ಬ್ಯಾಡ, ಅವ್ಳಿಗೆ ಕೇಳಿಸ್ತದೆ" ಎಂದು ಇವರು ಗದರಿದ್ದೂ ಅದರಲ್ಲಿತ್ತು.

ಇದರಲ್ಲಿ ಕಣ್ಣಿಗೆ ಕತ್ತಲೆ ಕವಿಯುವಂಥದ್ದೇನಿದೆ ಎಂದು ಯಾರಿಗಾದರೂ ಅನ್ನಿಸಬಹುದು. ಅದಕ್ಕೇ ಹಿಂದಿನದನ್ನು ಹೇಳಬೇಕು.

ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ ಇತ್ತು. ಕಜ್ಜಾಯ ಎಂದರೆ ಪ್ರಾಣ. ಹುಣಸೂರಿನ ಡಾಕ್ಟರು ಸಿಹಿ ಮುಟ್ಟಿಸಬೇಡಿ ಎಂದು ನನ್ನ ಮುಖ ನೋಡಿಯೇ ಹೇಳಿದ್ದರು. ಮನೆಯಲ್ಲಿ ಒಲೆ ಮುಂದೆ ನಿಲ್ಲುವವಳು ನಾನು ತಾನೆ. ಕಡೆಯ ವರ್ಷದ ಹಬ್ಬದಲ್ಲಿ ಅತ್ತೆ ಕೈ ಚಾಚಿ ಕೇಳಿದರು, ನಾನು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡೆ. "ನಿನ್ ಕೈನಿಂದ ಇನ್ನೊಂದು ತುತ್ತೂ ಬ್ಯಾಡ ಕಣಮ್ಮಿ" ಅಂದರು. ಅಂದಂತೆಯೇ ನಡೆದುಕೊಂಡರು. ಆಮೇಲೆ ಅವರಿಗೆ ಉಣಿಸಿದ್ದು ಮಗ, ಮಗಳು. ನಾನು ಅಡುಗೆ ಮಾಡಿ ಬಾಗಿಲ ಆಚೆ ನಿಲ್ಲುತ್ತಿದ್ದೆ. ಎರಡು ತಿಂಗಳಿಗೆ ಹೋಗಿಬಿಟ್ಟರು.

ಹಿರಿಯರ ಹಬ್ಬದಲ್ಲಿ ನಾವು ಕಳಶಕ್ಕೆ ಹೊಸ ಸೀರೆ ಉಡಿಸಿ, ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯ ಮೇಲೆ ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಎಳೆದುಕೊಂಡು ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಬಾಗಿಲು ತೆಗೆದಾಗ ಒಂದು ಹೂವು ಜಾರಿದ್ದರೂ ಸಾಕು, ಬಂದಿದ್ದರು ಎಂದು ಸಮಾಧಾನ. ಅತ್ತೆಯ ಎಡೆಯಲ್ಲಿ ಎರಡು ವರ್ಷ ಒಂದು ಅಗುಳೂ ಅಲುಗಲಿಲ್ಲ. ಆ ಎರಡು ವರ್ಷವೂ ಪ್ರಸಾದ ಮುಟ್ಟದೆ ಅಳುತ್ತಾ ಕೂತೆ. ಮೂರನೇ ವರ್ಷ ಐದು ಕಜ್ಜಾಯ ಇಟ್ಟಿದ್ದೆ, ಬಾಗಿಲು ತೆಗೆದರೆ ನಾಲ್ಕೇ ಇದ್ದವು.

ಅವತ್ತು ನಾನು ಅತ್ತದ್ದು ಬೇರೆ ಅಳು. ಅತ್ತೆ ನನ್ನ ಕೈಯ ಕಜ್ಜಾಯ ತಿಂದರು, ನನ್ನನ್ನು ಕ್ಷಮಿಸಿದರು ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಬೀದಿಯವರಿಗೆ ಹೇಳಿದೆ, ದೇವಸ್ಥಾನದಲ್ಲಿ ಹೇಳಿದೆ, ಹ್ಯಾಂಡ್‌ಪೋಸ್ಟ್ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ನಾದಿನಿ ಪ್ರತಿ ಸಲವೂ ಹೌದು ಅತ್ಗೆ, ಹೌದು ಅತ್ಗೆ ಅನ್ನುತ್ತಿದ್ದಳು.

ಇನ್ನು ನಾಯಿಯ ವಿಷಯ. ಅದು ಮಾನ ಕಳೆಯುವುದರಲ್ಲಿ ಏನೂ ಕಮ್ಮಿ ಇರಲಿಲ್ಲ. ನೆಂಟರು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರೆ ಅವರ ಎದುರಿಗೇ ಕುಂಡೆ ನೆಲಕ್ಕೆ ಉಜ್ಜಿಕೊಂಡು ರಂಗೋಲಿಯ ಮೇಲೆ ತೆವಳುತ್ತಿತ್ತು. ಬಂದ ಹೆಂಗಸರ ಸೀರೆಗೆ ಮೂತಿ ಹಾಕಿ ಮೂಸುತ್ತಿತ್ತು. ಊಟಕ್ಕೆ ಕೂತವರ ಎಲೆಗೆ ಬಾಯಿ ಹಾಕುತ್ತಿತ್ತು. ನಾಚಿಕೆಯಾಗಿ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ನಗದೆ ಕೇಳಿಸಿಕೊಂಡರು, ಅದೇ ಒಂದು ಪುಣ್ಯ. ಉಜ್ಜುವುದು ಹುಳುವಿನಿಂದ ಇರಬಹುದು, ಗುದದ ಪಕ್ಕದ ಚೀಲ ತುಂಬಿದ್ದರೂ ಹಾಗೆ ಮಾಡುತ್ತದೆ ಎಂದು ನೋಡಿ ಮಾತ್ರೆ ಕೊಟ್ಟರು. ಮೂಸುವುದು ಅದರ ಮಟ್ಟಿಗೆ ನಮಸ್ಕಾರ ಇದ್ದ ಹಾಗೆ, ಹೊಡೆಯಬೇಡಿ, ಜನ ಬಂದಾಗ ಕೂರುವುದನ್ನು ಕಲಿಸಿ ಎಂದರು. ಎಲೆಗೆ ಬಾಯಿ ಹಾಕುವುದಕ್ಕೆ ಮಾತ್ರ ನನಗೇ ತಿರುಗಿಸಿ ಹೇಳಿದರು: "ಮನೇಲಿ ಯಾರೋ ಕದ್ದು ಕೊಡ್ತಾ ಇದಾರಮ್ಮ. ಒಂದ್ ಸಲ ಸಿಕ್ಕಿದ ಜಾಗಾನ ಅದು ಮರೆಯಲ್ಲ."

ಯಾರೂ ಇಲ್ಲ ಎಂದು ನಾನು ಆಣೆ ಇಟ್ಟಷ್ಟು ಗಟ್ಟಿಯಾಗಿ ಹೇಳಿ ಬಂದೆ. ಮಾತ್ರೆಗೆ ಉಜ್ಜುವುದು ನಿಂತಿತು. ಮೂಸುವುದು ಮುಕ್ಕಾಲು ಪಾಲು ನಿಂತಿತು. ಆದರೆ ನಾನು ಕಜ್ಜಾಯಕ್ಕೆ ಎಣ್ಣೆ ಇಟ್ಟರೆ ಸಾಕು, ನಾಯಿ ಹಿತ್ತಲಿಗೆ ಹೋಗಿ ಆ ಕಿಟಕಿಯ ಕೆಳಗೆ ಕಿವಿ ನಿಮಿರಿಸಿಕೊಂಡು ಕೂರುತ್ತಿತ್ತು. ಹಿರಿಯರು ಬರುವುದು ಮೂಕಪ್ರಾಣಿಗೂ ತಿಳಿಯುತ್ತದೆ ಎಂದು ನಾನು ಕಳೆದ ವರ್ಷ ಅದರ ಹಣೆಗೆ ಕುಂಕುಮ ಇಟ್ಟಿದ್ದೆ.

ವಿಡಿಯೊ ನೋಡಿ ಮುಗಿಸುವಷ್ಟರಲ್ಲಿ ಗ್ರೂಪಿನಿಂದ ಅದು ಅಳಿಸಿಹೋಗಿತ್ತು. ತಕ್ಷಣ ನಾದಿನಿಯ ಫೋನು. "ಅತ್ಗೆ, ಹಳೇದೆಲ್ಲ ತೆಗೀತಿದ್ದೆ, ಕೈ ತಪ್ಪಿ ಬಂದ್ಬುಡ್ತು. ನೀವ್ ನೋಡಿಲ್ಲ ತಾನೆ?" ನಾನು ಹಿಟ್ಟು ಆರುತ್ತದೆ ಎಂದು ಹೇಳಿ ಇಟ್ಟುಬಿಟ್ಟೆ.

ಯಜಮಾನರು ಗದ್ದೆಯಿಂದ ಊಟಕ್ಕೆ ಬಂದರು. ಮುದ್ದೆ ಬಡಿಸಿ ಎದುರಿಗೇ ಕೂತು ಕೇಳಿದೆ. ಮೊದಲು ಯಾವ ವಿಡಿಯೊ ಅಂದರು. ಆಮೇಲೆ ಮುದ್ದೆ ಮುರಿಯುತ್ತಾ ಒಪ್ಪಿಕೊಂಡರು.

"ಎರಡು ವರ್ಸ ಅತ್ಕಂಡು ಕೂತಿದ್ದಲ್ಲ, ನೋಡಕ್ಕಾಗ್ಲಿಲ್ಲ ಕಣಮ್ಮಿ. ಒಂದು ಕಜ್ಜಾಯ ಕಮ್ಮಿಯಾದ್ರೆ ನೀನು ತಣ್ಣಗಾಯ್ತಿಯಾ ಅಂತ."

"ನೀವೇ ತೆಗೀಬೋದಿತ್ತು. ನಾಯಿ ಬಾಯಿಗ್ಯಾಕೆ ಕೊಟ್ರಿ?"

"ಅವ್ವನ ಎಡೆಗೆ ನಾನೆಂಗೆ ಕೈ ಹಾಕ್ಲಿ?" ಅಂದರು. ಅದನ್ನು ನಿಜವಾಗಿಯೂ ಭಯಭಕ್ತಿಯಿಂದಲೇ ಅಂದರು. ಹೇಗೂ ಬಾಯಿ ತೆರೆದಾಯಿತು ಅನ್ನುವ ಹಾಗೆ, ಇನ್ನೊಂದನ್ನೂ ಹೇಳಿದರು. "ಅವ್ವಂಗೆ ಆಸೆ ಉಳ್ಕಂಡಿರ್ಲಿಲ್ಲ ಬುಡು. ಬದುಕಿದ್ದಾಗ ನಾನೇ ಪಕ್ಕದ ಕೊಪ್ಪದ ಅಂಗ್ಡಿಯಿಂದ ಕಜ್ಜಾಯ ತಂದು ದಿಂಬಿನ ಕೆಳಗೆ ಇಡ್ತಿದ್ದೆ."

ಆ ಎರಡು ತಿಂಗಳೂ ಸಕ್ಕರೆ ಯಾಕೆ ಇಳಿಯುತ್ತಿಲ್ಲ ಎಂದು ಡಾಕ್ಟರು ನನ್ನನ್ನು ಬೈದಿದ್ದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಇವರು ಪಕ್ಕದಲ್ಲೇ ನಿಂತಿದ್ದರು.

"ನನ್ನ ಕೆಟ್ಟವಳು ಮಾಡಿ ನೀವು ಒಳ್ಳೆಯವರಾದ್ರಿ" ಅಂದೆ. ಅವರು ಅರ್ಧ ಮುದ್ದೆ ಬಿಟ್ಟು ಎದ್ದು, ಕಿಟಕಿಗೆ ಸರಳು ಹಾಕಿಸುತ್ತೇನೆ ಅಂದರು. ಹಾಕಿಸಿ ಎಂದು ನಾನು ಕೇಳಿ ನಾಲ್ಕು ವರ್ಷವಾಗಿತ್ತು.

ಅತ್ತೆ ಬಾಯಿ ಸಿಹಿ ಮಾಡಿಕೊಂಡೇ ಹೋದರು ಎಂಬುದು ಒಂದು ಪುಣ್ಯವೇ. ಮಗನ ಕೈಯಿಂದಲಾದರೂ ತಿಂದರಲ್ಲ. ನನಗೆ ಕ್ಷಮೆ ಸಿಕ್ಕಿತೋ ಇಲ್ಲವೋ, ಅದು ಮಾತ್ರ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಿತು. ಕಜ್ಜಾಯ ಕಮ್ಮಿಯಾದಲ್ಲಿಂದ ಎರಡು ವರ್ಷ ನಾನು ಕೈ ಮುಗಿದದ್ದು ಯಾವುದಕ್ಕೆ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ತಟ್ಟೆ ತೊಳೆಯಲು ಹಿತ್ತಲಿಗೆ ಹೋದರೆ ನಾಯಿ ಆ ಕಿಟಕಿಯ ಕೆಳಗೆ ಕೂತಿತ್ತು. ಅದನ್ನು ಬೈಯಲಿಲ್ಲ. ಕಲಿಸಿದ್ದನ್ನು ಅದು ಮರೆಯದೆ ಮಾಡುತ್ತಿತ್ತು, ಅಷ್ಟೆ. ಅಲ್ಲಿಂದ ಎಬ್ಬಿಸಿ, ಮುಂಬಾಗಿಲ ಹತ್ತಿರ ಅದರ ತಟ್ಟೆ ಇಟ್ಟು, ಕೂರು ಅಂದೆ. ಕೂತಿತು. ಬಿಟ್ಟ ಅರ್ಧ ಮುದ್ದೆಯನ್ನು ಅಲ್ಲೇ ಹಾಕಿದೆ.

ಈ ವರ್ಷವೂ ಐದೇ ಇಡುತ್ತೇನೆ. ಐದೂ ಹಾಗೇ ಉಳಿದರೆ ಉಳಿಯಲಿ. ಒಳಗೆ ಹೋಗಿ ಜರಡಿಯ ಹಿಟ್ಟನ್ನು ಹಿಡಿ ಕಟ್ಟಿ ನೋಡಿದೆ, ಸದ್ಯ ತೇವ ಇನ್ನೂ ಇತ್ತು. ಬೆಲ್ಲ ಕುಟ್ಟಿ ಪಾಕಕ್ಕೆ ಇಟ್ಟೆ.