ಶೆಡ್ಡಿಗೆ ಬಿಗಿದ ಸಿಡಿಲಿನ ತಂತಿ

ಬಿಜ್ಜರಗಿಯ ತೋಟದಲ್ಲಿ ಅಕ್ಕ ಸಿಡಿಲು ಬಡಿದು ಹೋದ ಮರುವರ್ಷ ಮಾವ ನನಗೆ ಫೋನ್ ಮಾಡಿದರು. ಮಾವ ಎಂದರೆ ಅವಳ ಗಂಡ. ನಾನು ವಿಜಯಪುರದ ಅಥಣಿ ರಸ್ತೆಯ ಹೊಸ ಮನೆಗಳಿಗೆ ವೈರಿಂಗ್ ಮಾಡುವವನು.

“ಶೆಡ್ಡಿಗಿ ಸಿಡ್ಲಿನ ತಂತಿ ಹಾಕಬೇಕೋ ತಮ್ಮಾ. ಯಾವಾಗ ಬರ್ತಿ?”

ಬೇಡ ಎನ್ನಲು ಬಾಯಿ ಬರಲಿಲ್ಲ. ಅದು ದ್ರಾಕ್ಷಿ ಒಣಗಿಸುವ ಶೆಡ್ಡು. ಆ ಸಂಜೆ ಮೋಡ ಕವಿದಾಗ, ಒಣಹಾಕಿದ ಹಣ್ಣು ತೋಯ್ದೀತೆಂದು ಅದರ ಪರದೆ ಇಳಿಬಿಡಲು ಅಕ್ಕ ಮನೆಯಿಂದ ಓಡಿದ್ದಳು. ಶೆಡ್ಡು ಮುಟ್ಟಲಿಲ್ಲ. ನಡುವಿನ ಬಯಲಲ್ಲೇ ಬಿದ್ದಳು.

ನಾನು ಸಾಮಾನು ಹೇರಿಕೊಂಡು ಟಿಕೋಟಾ ದಾಟಿ ಹೋದಾಗ ಮಾವ ಆಗಲೇ ಗುಂಡಿ ತೋಡಿಟ್ಟಿದ್ದರು. ತಗಡಿನ ಮೇಲೆ ಸರಳು ನಿಲ್ಲಿಸಿ, ಅದರಿಂದ ತಾಮ್ರದ ತಂತಿಯನ್ನು ಮೂಲೆಯ ಕಬ್ಬಿಣದ ಕಂಬದುದ್ದಕ್ಕೂ ನೆಟ್ಟಗೆ ಇಳಿಸಿ, ಆ ಗುಂಡಿಯಲ್ಲಿ ನೆಲಕ್ಕೆ ಕೂಡಿಸಬೇಕು. ಒಂದೊಂದೇ ಕ್ಲಾಂಪು ಬಿಗಿಯುತ್ತ ಏಣಿ ಇಳಿದೆ. ಎದೆಮಟ್ಟಕ್ಕೆ ಬಂದಾಗ ಕಂಬದ ಮೇಲೆ ಕೆಂಪು ಟಿಕಳಿಗಳು ಕಂಡವು. ಕೆಲಸದ ನಡುವೆ ಮುಖ ತೊಳೆಯುವಾಗ ಅಕ್ಕ ಹಣೆಯದನ್ನು ತೆಗೆದು ಅಲ್ಲಿ ಅಂಟಿಸಿ ಮರೆಯುತ್ತಿದ್ದಳು.

“ಅವನ್ನ ಮುಟ್ಟಬ್ಯಾಡ,” ಎಂದರು ಮಾವ. “ಸುತ್ತ ಬಳಸಿ ತಗೊಂಡ ಹೋಗು.”

“ಬಳಸಾಕ ಬರೂದಿಲ್ರಿ ಮಾವ. ತಂತಿ ಮಡಚಿದ್ರ ಸಿಡ್ಲು ಅಲ್ಲೇ ಹೊರಗ ಜಿಗಿತೈತಿ.”

“ಹಂಗಾರ ಬ್ಯಾರೆ ಕಂಬ ಹಿಡಿ.”

ಎಲ್ಲ ಬಿಚ್ಚಿ ಇನ್ನೊಂದು ಮೂಲೆಗೆ ಹೋದೆವು. ಮಾವ ಮತ್ತೊಂದು ಗುಂಡಿ ತೋಡಿದರು. ನಾನು ಕೊನೆಯ ಬೋಲ್ಟು ತಿರುಗಿಸುವಾಗ ಕೇಳಿದರು:

“ಇದು ಹ್ವಾದ ವರ್ಷ ಇದ್ದಿದ್ರ ಆಕಿ ಉಳೀತಿದ್ಲೇನೋ?”

ಸುಳ್ಳು ಹೇಳಬಹುದಿತ್ತು. ಯಾವ ಉತ್ತರ ಅವರಿಗೆ ಹಗುರ ಎಂಬುದೇ ನನಗೆ ತಿಳಿಯಲಿಲ್ಲ.

“ಇಲ್ರಿ. ಇದು ಶೆಡ್ಡಿಗಷ್ಟ. ಬಯಲಾಗ ಇದ್ದವರಿಗಿ ಏನೂ ಉಪಯೋಗಿಲ್ಲ.”

“ಗೊತ್ತಿತ್ತು,” ಎಂದು ಕ್ಲಾಂಪು ಹಿಡಿದು ಜಗ್ಗಿ ನೋಡಿದರು. ಅದು ಅಲುಗಲಿಲ್ಲ.

ಈ ಬೇಸಿಗೆಯಲ್ಲಿ ಹೋದಾಗ ಶೆಡ್ಡು ಬರಿದಾಗಿತ್ತು. ಹಣ್ಣನ್ನು ಬಳ್ಳಿಯಲ್ಲಿದ್ದಾಗಲೇ ವ್ಯಾಪಾರಿಗೆ ಕೊಟ್ಟುಬಿಟ್ಟಿದ್ದರು. ಒಣಗಿಸುವ ಕೆಲಸ ಅಕ್ಕನದಾಗಿತ್ತು. ಅದನ್ನು ಮತ್ತೆ ಶುರು ಮಾಡುವ ಮನಸ್ಸು ಅವರಿಗಿರಲಿಲ್ಲ. ತಂತಿ ಮಾತ್ರ ನಾನು ಬಿಗಿದ ಹಾಗೆಯೇ ಇತ್ತು.

ಊಟಕ್ಕೆ ಕೂತಾಗ ಗುಡುಗಿತು. ಮಾವ ತಾಟು ಸರಿಸಿ ಎದ್ದರು. ಕೈ ತೊಳೆಯಲು ಹೋದರೆಂದುಕೊಂಡೆ. ಬಾಗಿಲಿಗೆ ಬಂದು ನೋಡಿದರೆ, ಅಕ್ಕ ಬಿದ್ದಿದ್ದ ಜಾಗಕ್ಕೆ ಹೋಗಿ ಮಳೆಯಲ್ಲಿ ಸುಮ್ಮನೆ ನಿಂತಿದ್ದರು.

ಓಡಿಹೋಗಿ ಕೈ ಹಿಡಿದೆ. “ಹುಚ್ಚ ಹಿಡಿದೈತೇನ್ರಿ ಮಾವ? ಒಳಗ ಬರ್ರಿ!”

“ಪ್ರತಿ ಸಲ ಬಂದು ನಿಂದರತೇನೋ ತಮ್ಮಾ. ಏನೂ ಆಗೂದಿಲ್ಲ,” ಎಂದರು, ಯಾರನ್ನೋ ದೂರುವವರ ಹಾಗೆ.

ಎಳೆದು ಶೆಡ್ಡಿನೊಳಗೆ ತಂದೆ. ಮಳೆ ನಿಲ್ಲುವವರೆಗೂ ಅವರ ಮಣಿಕಟ್ಟು ಬಿಡಲಿಲ್ಲ. ಆಮೇಲೆ ಬಿಡಲೇಬೇಕಾಯಿತು, ನನಗೆ ವಿಜಯಪುರಕ್ಕೆ ಮರಳುವುದಿತ್ತು.