ವಾಪಸು ಕೇಳದೆ ಉಳಿದ ವೀಳ್ಯ

ಮರೆತುಬಿಡು ಎಂದು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮರೆಯುವುದು ಅವರಿಗೆ ಸುಲಭ, ಅವರ ಮನೆಯಿಂದ ಯಾರೂ ಏನನ್ನೂ ಹೊತ್ತುಕೊಂಡು ಹೋಗಿರುವುದಿಲ್ಲ.

ನಮ್ಮ ಮನೆಯಿಂದ ಹೋದದ್ದು ಒಂದು ಕಿರೀಟ. ಟೊರೊಂಟೊ ಸುತ್ತಮುತ್ತಲಿನ ನಮ್ಮ ಕರಾವಳಿಯವರೆಲ್ಲ ಕೃಷ್ಣಾಷ್ಟಮಿಗೆ ಮಕ್ಕಳ ಕೈಯಲ್ಲಿ ಯಕ್ಷಗಾನ ಆಡಿಸುತ್ತೇವೆ. ಆಡಿಸುವವರು ರಿಚ್ಮಂಡ್ ಹಿಲ್‌ನಲ್ಲಿರುವ ಒಬ್ಬ ಹಿರಿಯ ಹೆಂಗಸು, ಎಲ್ಲರಿಗೂ ಅಕ್ಕ. ಊರಿನಲ್ಲಿ ಮೇಳಕ್ಕೆ ವೀಳ್ಯ ಕೊಟ್ಟು ಆಟ ಗೊತ್ತು ಮಾಡುವ ಹಾಗೆಯೇ ಅಕ್ಕ ಇಲ್ಲಿಯೂ ವೇಷ ಹಾಕುವ ಮಕ್ಕಳ ಮನೆಗೆ ಹೋಗಿ, ಹರಿವಾಣದಲ್ಲಿ ವೀಳ್ಯದೆಲೆ ಅಡಿಕೆ ಇಟ್ಟು ಕೊಡುತ್ತಾರೆ. ಹಾಗೆ ಕೊಟ್ಟರೆ ಮುಗಿಯಿತು, ಆ ವೇಷ ಆ ಮಗುವಿನದು.

ಜಾರ್ಜ್‌ಟೌನ್‌ನ ನಮ್ಮ ಮನೆಗೂ ಬಂದರು. ಮಾಮೂಲಿನಂತೆ ತುಳುವಿನಲ್ಲಿ ಮಾತಾಡುತ್ತಿದ್ದವರು ಆಟದ ವಿಷಯ ಬಂದೊಡನೆ ಕನ್ನಡಕ್ಕೆ ತಿರುಗಿ, "ಈ ಸಲ ಕೃಷ್ಣ ನಿನ್ನ ಮಗಳದ್ದೇ" ಎಂದರು. ಮಗಳು ಎರಡೂ ಕೈ ಚಾಚಿ ವೀಳ್ಯ ತೆಗೆದುಕೊಂಡಳು. ಅಳತೆ ಸರಿಯಾಗಲಿ ಎಂದು ಕಿರೀಟವನ್ನೂ ನಮ್ಮಲ್ಲೇ ಬಿಟ್ಟುಹೋದರು.

ನನ್ನ ಮಗಳು ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದರೂ ತುಳುವಿನಲ್ಲಿ ಬೈದರೂ ಅವಳ ಉತ್ತರ ಇಂಗ್ಲಿಷಿನಲ್ಲೇ. ಅಂಥವಳು ಬೇಸ್‌ಮೆಂಟಿನಲ್ಲಿ ಕಿರೀಟ ಕಟ್ಟಿಕೊಂಡು, ಕಂಸನಿಗೆ ಕೃಷ್ಣ ಹೇಳುವ ಮಾತನ್ನೆಲ್ಲ ಬಾಯಿಪಾಠ ಮಾಡಿದಳು. ಕೆಳಗಿನಿಂದ ಬರುತ್ತಿದ್ದ ಆ ಕನ್ನಡ ಕೇಳುವುದಕ್ಕೆಂದೇ ನಾನು ಮೆಟ್ಟಿಲ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದೆ. ಈ ದೇಶದಲ್ಲಿ ನನಗೆ ಅಷ್ಟು ಸುಖ ಕೊಟ್ಟದ್ದು ಇನ್ನೊಂದಿಲ್ಲ.

ಅಷ್ಟಮಿ ಹತ್ತಿರ ಬಂದಾಗ ಅಕ್ಕನ ಮೊಮ್ಮಗಳು ಕ್ಯಾಲ್ಗರಿಯಿಂದ ರಜೆಗೆ ಬಂದಳು. ವಾಟ್ಸಾಪ್ ಗುಂಪಿನಲ್ಲಿ ಹೊಸ ಪಾತ್ರವರ್ಗ ಬಂತು. ಕೃಷ್ಣನ ಮುಂದೆ ಮೊಮ್ಮಗಳ ಹೆಸರು, ನನ್ನ ಮಗಳು ಗೋಪಾಲಕರ ಗುಂಪಿನಲ್ಲಿ. ನನಗೆ ಒಂದು ಫೋನ್ ಕೂಡ ಇಲ್ಲ. ಮರುದಿನ ಅಕ್ಕನೇ ಬಂದು ಬಾಗಿಲಲ್ಲೇ ನಿಂತು, "ಕಿರೀಟ ಒಮ್ಮೆ ಕೊಡು ಮಾರಾಯ್ತಿ. ಮಕ್ಕಳ ಆಟ ಅಲ್ವಾ, ಬೇಜಾರು ಮಾಡ್ಲಿಕ್ಕೆ ಎಂತ ಉಂಟು?" ಎಂದರು. ಮಗಳೇ ಕೆಳಗಿನಿಂದ ತಂದು ಕೊಟ್ಟಳು. ಅಂದಿನಿಂದ ಬೇಸ್‌ಮೆಂಟಿನ ಕನ್ನಡ ನಿಂತುಹೋಯಿತು.

ನಾನು ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಹೋದೆ. ವುಡ್‌ಬ್ರಿಡ್ಜ್‌ನಲ್ಲಿ ಫ್ರೋಜನ್ ಸಮೋಸ ಮಾಡುವ ಕಾರ್ಖಾನೆಯಲ್ಲಿ ನನ್ನ ಕೆಲಸ. ಲೈನಿನಲ್ಲಿ ನನ್ನ ಎದುರಿಗೆ ನಿಂತು ಸಮೋಸ ಮಡಚುವವಳು ಫಿಲಿಪ್ಪೀನ್ಸಿನ ಸೆಬು ದ್ವೀಪದವಳು. ಅವತ್ತು ನಾನು ಮಡಚಿದ ಸಮೋಸಗಳು ಬಿರಿಯುತ್ತಿದ್ದವು. ಬ್ರೇಕಿನಲ್ಲಿ ಅವಳು ಏನಾಯಿತೆಂದು ಕೇಳಿದಳು. ನಮ್ಮಿಬ್ಬರ ಹರಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ.

ಅವಳು ಕೇಳಿ ಮುಗಿಸಿ, "ನಿನ್ನ ಅಕ್ಕ ಎರಡು ಕೆಲಸ ಮಾಡಿದ್ದಾಳೆ" ಎಂದಳು. ಕೊಟ್ಟ ಮಾತನ್ನು ಹಿಂತೆಗೆದುಕೊಂಡರೆ ಅವರ ಸೆಬುವಾನೊ ಭಾಷೆಯಲ್ಲಿ ಬಕ್ವಿ. ಕೊಟ್ಟ ವಸ್ತುವನ್ನು ಕಿತ್ತುಕೊಂಡರೆ ಬಾವಿ. ಮಾತು ಬಕ್ವಿ ಆಯಿತು, ಕಿರೀಟ ಬಾವಿ ಆಯಿತು. ಹಾಗಾದರೆ ಸೇಡಿಗೆ ಏನನ್ನುತ್ತೀರಿ ಎಂದು ಕೇಳಿದೆ. "ಪನಿಮಾಲೊಸ್" ಎಂದು ನಕ್ಕು, "ಅದನ್ನು ಆಮೇಲೆ ಕಲಿ" ಎಂದಳು. ನಾನು ಅದನ್ನೇ ಮೊದಲು ಕಲಿತೆ. ಬೆಲ್ಟಿನ ಮೇಲೆ ಸಮೋಸ ಹೋಗುತ್ತಿದ್ದಂತೆ ಮನಸ್ಸಿನಲ್ಲೇ ಪನಿಮಾಲೊಸ್, ಪನಿಮಾಲೊಸ್ ಎಂದು ಜಪ ಮಾಡಿದೆ.

ಶಿಫ್ಟು ಮುಗಿಸಿ ಕೈಗವಸು ಕಳಚುವಾಗ ಅವಳು ಮತ್ತೆ ಕೇಳಿದಳು. "ಎಲೆ ಮತ್ತು ಅಡಿಕೆ? ಅದನ್ನೂ ಕೇಳಿದಳಾ?"

ಇಲ್ಲ ಎಂದೆ.

"ಹಾಗಾದರೆ ಅದು ಇನ್ನೂ ನಿಮ್ಮದೇ."

ಮನೆಗೆ ಬಂದವಳೇ ದೇವರ ಮುಂದಿದ್ದ ವೀಳ್ಯವನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. ಬಾಡಿದ ಎಲೆ ಬಿಸಾಡು ಎಂದರು ನನ್ನ ಗಂಡ. ಅದನ್ನು ಮುಟ್ಟಿದರೆ ನೋಡಿ ಎಂದೆ. ಡಬ್ಬಿಯ ಮೇಲೆ ಅವರು ಮತ್ತೆ ಕೈ ಇಡಲಿಲ್ಲ.

ಅಷ್ಟಮಿಗೆ ಹೋದೆವು. ಮಗಳು ಗೋಪಾಲಕರ ಸಾಲಿನ ಕೊನೆಯಲ್ಲಿ ಕುಣಿದಳು. ಆ ಮೊಮ್ಮಗಳು ಮಾತು ಮರೆಯಲಿ, ಗಿರಗಿರ ತಿರುಗಿ ಧೀಂಗಿಣ ಹಾಕುವಾಗ ಕಿರೀಟ ಜಾರಿ ಮೂಗಿಗೆ ಬರಲಿ ಎಂದು ಮುಂದಿನ ಸಾಲಿನಲ್ಲಿ ಕೂತು ಮನಸಾರೆ ಹಾರೈಸಿದೆ. ಏನೂ ಆಗಲಿಲ್ಲ, ಹುಡುಗಿ ಚೆನ್ನಾಗಿಯೇ ಕುಣಿದಳು. ಅದಕ್ಕೆ ಹೊಟ್ಟೆ ಇನ್ನಷ್ಟು ಉರಿಯಿತು. ಊಟಕ್ಕೆ ನಿಲ್ಲದೆ ಹೊರಟುಬಂದೆ. ಆಮೇಲೆ ಅಕ್ಕ ಎದುರು ಸಿಕ್ಕಾಗಲೆಲ್ಲ ನಗುನಗುತ್ತಾ ಮಾತಾಡಿಸಿದೆ, ಮನೆಗೆ ಬಂದು ಡಬ್ಬಿ ತೆಗೆದು ನೋಡಿದೆ. ಎಲೆ ಮೊದಲು ಹಳದಿಯಾಯಿತು, ಆಮೇಲೆ ಕಂದಾಯಿತು. ನನ್ನ ಸಿಟ್ಟು ಮಾತ್ರ ಬಾಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಕ್ಕ ಹರಿವಾಣ ಹಿಡಿದುಕೊಂಡು ಮತ್ತೆ ಬಂದರು. ಮೊಮ್ಮಗಳು ಈ ಸಲ ಬರುವುದಿಲ್ಲವಂತೆ. ಉಳಿದ ಮಕ್ಕಳಿಗೆ ಅಷ್ಟುದ್ದದ ಕನ್ನಡ ಮಾತು ಬಾಯಿಗೆ ಬರುವುದಿಲ್ಲವಂತೆ. "ಕೃಷ್ಣನಿಗೆ ನಿನ್ನ ಮಗಳೇ ಆಗ್ಬೇಕು, ಬೇರೆ ಯಾರಿದ್ದಾರೆ ಹೇಳು?" ಎಂದು ಹರಿವಾಣ ಮುಂದೆ ಚಾಚಿದರು.

ಮಗಳು ಬೇಸ್‌ಮೆಂಟಿನ ಮೆಟ್ಟಿಲ ತುದಿಯಲ್ಲಿ ನಿಂತು ನನ್ನ ಮುಖ ನೋಡಿದಳು. ನಾನು ಒಳಗೆ ಹೋಗಿ ಡಬ್ಬಿ ತಂದೆ. ಮುಚ್ಚಳ ತೆಗೆದು ಅಕ್ಕನ ಹೊಸ ಹರಿವಾಣದ ಪಕ್ಕದಲ್ಲೇ ಹಿಡಿದೆ.

"ಇದೆಂತದು?"

"ನೀವೇ ಕೊಟ್ಟದ್ದು ಅಕ್ಕ. ಕಿರೀಟ ತೆಗೊಂಡು ಹೋದ್ರಿ, ಇದನ್ನು ಕೇಳ್ಲಿಲ್ಲ. ಹಾಗಾಗಿ ಕೃಷ್ಣ ಆವತ್ತಿಂದಲೂ ನನ್ನ ಮಗಳೇ. ಕಳೆದ ವರ್ಷ ಆಡಿದ್ದು ಯಾರು ಅಂತ ನಂಗೆ ಗೊತ್ತಿಲ್ಲ."

ಅಕ್ಕನ ಮುಖ ಹುಳ್ಳಗಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಅದನ್ನು ಮುಚ್ಚಿಡುವ ಗೋಜಿಗೂ ನಾನು ಹೋಗಲಿಲ್ಲ.

"ಹಾಗಾದ್ರೆ ಇದು?" ಎಂದು ಕೈಯಲ್ಲಿದ್ದ ಹರಿವಾಣ ನೋಡಿಕೊಂಡರು.

"ನಮಗೆ ಹಳೆಯದೇ ಸಾಕು. ಅದನ್ನು ವಾಪಸು ತೆಗೊಂಡು ಹೋಗಿ. ವಾಪಸು ತೆಗೊಂಡು ಹೋಗ್ಲಿಕ್ಕೆ ನಿಮಗೆ ಅಭ್ಯಾಸ ಉಂಟಲ್ಲ."

ಅಕ್ಕ ತಲೆ ತಗ್ಗಿಸಿ ಬಾಗಿಲ ಕಡೆ ತಿರುಗಿದರು. ಆಗ ಮೆಟ್ಟಿಲ ತುದಿಯಿಂದ, ಒಂದು ವರ್ಷ ಈ ಮನೆಯಲ್ಲಿ ಕೇಳದಿದ್ದ ಆ ರಂಗದ ಸ್ವರ, ಸ್ಪಷ್ಟ ಕನ್ನಡದಲ್ಲಿ ಕೇಳಿಸಿತು.

"ನಿಲ್ಲು! ನಮ್ಮ ಕಿರೀಟವೆಲ್ಲಿ?"

ಅಕ್ಕ ನಿಂತರು. ಹರಿವಾಣವನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು, ಕಿರೀಟ ತರಲು ಕಾರಿನ ಕಡೆಗೆ ಹೋದರು.